ದಾರಿ ಬದಿಯ ಜಿನಿಯಾ ಪಾತಿಗೆ ಮಿಕ್ಸ್ ಪ್ಯಾಕೆಟ್ಟಾ, ಒಂದೊಂದೇ ಬಣ್ಣದ ಬೀಜಾನಾ?

ಮೊದಲೇ ಹೇಳಿಬಿಡುತ್ತೇನೆ. ಗೇಟಿನಿಂದ ಬಾಗಿಲವರೆಗಿನ ದಾರಿ ಪಕ್ಕ ಜಿನಿಯಾ ಹಾಕುವುದಾದರೆ, ಒಂದೊಂದೇ ಬಣ್ಣದ ಪ್ಯಾಕೆಟ್ ತಗೊಳ್ಳಿ. ದುಡ್ಡು ಜಾಸ್ತಿ ಬೀಳುತ್ತದೆ. ಆದರೂ ಅದೇ ಸರಿ. ಎರಡು ವರ್ಷ ನಾಲ್ಕೈದು ಥರ ಹಾಕಿ ನೋಡಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ನಮ್ಮ ಮನೆ ಮೈಸೂರಿನಲ್ಲಿ. ದಾರಿಯ ಎಡಕ್ಕೆ 18 ಅಡಿ ಉದ್ದ, ಎರಡು ಅಡಿ ಅಗಲದ ಪಾತಿ ಇದೆ. ಅದರ ಹಿಂದೆ ಇಟ್ಟಿಗೆ ಕೆಂಪು ಬಣ್ಣ ಹೊಡೆದ ಕಾಂಪೌಂಡ್ ಗೋಡೆ. ಮಧ್ಯಾಹ್ನ ಮೂರು ಗಂಟೆಯವರೆಗೆ ಒಳ್ಳೇ ಬಿಸಿಲು. ಜಿನಿಯಾಗೆ ಅಷ್ಟು ಸಾಕು.

2023ರಲ್ಲಿ ಅಂಗಡಿಯಿಂದ 40 ರೂಪಾಯಿಯ ಮಿಕ್ಸ್ ಪ್ಯಾಕೆಟ್ ತಂದೆ. ಮೇಲೆ ಏಳು ಬಣ್ಣದ ಹೂವಿನ ಫೋಟೋ ಇತ್ತು. ಮೊಳಕೆ ವಿಷಯದಲ್ಲಿ ಒಂದು ದೂರೂ ಇಲ್ಲ. ಐದನೇ ದಿನಕ್ಕೇ ಮಣ್ಣು ಸೀಳಿಕೊಂಡು ಜೋಡಿ ಎಲೆ ಬಂದವು. ಕಳೆದು ಕಳೆದು 45 ಗಿಡ ಉಳಿಸಿಕೊಂಡೆ. ದಸರಾ ಹೊತ್ತಿಗೆ ಮೊದಲ ಹೂ ಬಿಟ್ಟಿತು, ರಾಣಿ ಬಣ್ಣ. ಎರಡನೆಯದೂ ರಾಣಿ. ಮೂರನೆಯದೂ ರಾಣಿ. ಪ್ರತಿ ಬೆಳಿಗ್ಗೆ ಮೊಗ್ಗಿನ ತುದಿ ಬಿಡಿಸಿ ನೋಡುವುದು, ಒಳಗೆ ಮತ್ತೆ ಅದೇ ಬಣ್ಣ ಇಣುಕುವುದು. ಎಲ್ಲ ಅರಳಿದ ಮೇಲೆ ಎಣಿಸಿದೆ. 27 ರಾಣಿ, 9 ಕೇಸರಿ, 5 ಕೆಂಪು, 4 ಹಳದಿ. ನಾನು ಬಿಳಿಗಾಗಿ ಕಾಯುತ್ತಿದ್ದೆ. ಒಂದೂ ಬರಲಿಲ್ಲ.

ಎತ್ತರದ್ದು ಇನ್ನೊಂದು ಕಷ್ಟ. ಮುಂದಿನ ಸಾಲಿನಲ್ಲಿ ಕೆಲವು ಮೂರು ಅಡಿ ಬೆಳೆದು ನಿಂತವು. ಹಿಂದಿನ ಸಾಲಿನಲ್ಲಿ ಮೊಣಕಾಲೆತ್ತರದ ಗಿಡಗಳು ಅವುಗಳ ನೆರಳಲ್ಲಿ ಮುದುಡಿಕೊಂಡವು. ಹಾಗಂತ ಕಿತ್ತು ಹಿಂದೆ ಮುಂದೆ ಮಾಡುವ ಹಾಗಿಲ್ಲ. ಬೇರು ಅಲುಗಿದರೆ ಜಿನಿಯಾ ಸಹಿಸುವುದಿಲ್ಲ, ಅದೂ ಹೂ ಬಿಟ್ಟ ಮೇಲೆ. ಬಣ್ಣ ತಿಳಿಯುವ ಹೊತ್ತಿಗೆ ಗಿಡ ಸರಿಸುವ ಕಾಲ ಮುಗಿದಿರುತ್ತದೆ. ಮಿಕ್ಸ್ ಪ್ಯಾಕೆಟ್ಟಿನ ದೊಡ್ಡ ತೊಂದರೆ ಇದೇ.

ಇಟ್ಟಿಗೆ ಕೆಂಪು ಗೋಡೆಯ ಮುಂದೆ ರಾಣಿ ಬಣ್ಣ ಕಣ್ಣಿಗೆ ಹಿತವಾಗಿರಲಿಲ್ಲ. ಅದನ್ನಾದರೂ ಸಹಿಸಿಕೊಳ್ಳಬಹುದಿತ್ತು. ಆದರೆ ನಾನು ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟರೆ ವಾಪಸ್ ಬರುವುದು ಸಂಜೆ ಆರೂವರೆಗೆ. ತೋಟದ ಎದುರು ಚಹಾ ಹಿಡಿದು ಕೂರುವುದು ಆಗ. ಆ ಮಬ್ಬು ಬೆಳಕಿನಲ್ಲಿ ಕೆಂಪೂ ರಾಣಿಯೂ ಕಪ್ಪಾಗಿಬಿಡುತ್ತವೆ. ಬೆಳಕು ಇಳಿದಾಗ ನಮ್ಮ ಕಣ್ಣಿಗೆ ಮೊದಲು ಮಂಕಾಗುವುದೇ ಕೆಂಪು. 45 ಗಿಡ ಹೂ ಬಿಟ್ಟು ನಿಂತಿದ್ದರೂ ನನಗೆ ಕಾಣುತ್ತಿದ್ದದ್ದು ನಾಲ್ಕೇ ಹಳದಿ ಗಿಡ, ದೀಪ ಹಚ್ಚಿಟ್ಟ ಹಾಗೆ. ಗುಲಾಬಿ ಚೆನ್ನವೋ ಕೇಸರಿ ಚೆನ್ನವೋ ಅಂತ ಅಲ್ಲಿಯವರೆಗೆ ಯೋಚಿಸುತ್ತಿದ್ದೆ. ನಾನು ಪಾತಿ ನೋಡುವುದು ಯಾವ ಹೊತ್ತಿನಲ್ಲಿ ಅನ್ನುವುದು ತಲೆಗೇ ಹೊಳೆದಿರಲಿಲ್ಲ.

ಮರುವರ್ಷ ಬಣ್ಣ ನೋಡಿಯೇ ತರಿಸಿದೆ. ಬೆನರೀಸ್ ಜೈಂಟ್ ಅನ್ನುವ ಎತ್ತರದ ತಳಿ. ಅದರಲ್ಲಿ ಬಿಳಿ, ಚಿನ್ನದ ಹಳದಿ, ತಿಳಿಹಸಿರು, ಮೂರು ಪ್ಯಾಕೆಟ್. ಒಂದಕ್ಕೆ 120 ರೂಪಾಯಿ. 2024ರಲ್ಲಿ ದಸರಾ ಅಕ್ಟೋಬರ್ 3ಕ್ಕೆ ಶುರು. ಬೀಜದಿಂದ ಹೂವಿಗೆ ಸುಮಾರು 65 ದಿನ ಬೇಕು. ನಾಲ್ಕು ಜೋಡಿ ಎಲೆ ಬಂದಾಗ ಕುಡಿ ಚಿವುಟಿದರೆ ಗಿಡ ಚೆನ್ನಾಗಿ ಕವಲೊಡೆಯುತ್ತದೆ, ಆದರೆ ಹೂ ಒಂದು ವಾರ, ಹತ್ತು ದಿನ ತಡ. ಅದನ್ನೂ ಸೇರಿಸಿ 75 ದಿನ ಹಿಂದಕ್ಕೆ ಎಣಿಸಿ ಜುಲೈ 20, ಶನಿವಾರ ಬೀಜ ಹಾಕಿದೆ. ಟ್ರೇ ಗೀ ಏನೂ ಇಲ್ಲ, ನೇರ ಪಾತಿಗೇ. ಉಗುರು ಮುಚ್ಚುವಷ್ಟು ಆಳ, ಗಿಡದಿಂದ ಗಿಡಕ್ಕೆ ಒಂದು ಅಡಿ. ಮಳೆಗಾಲವಾದ್ದರಿಂದ ಬಸವನಹುಳು ಕಾಟ ಇತ್ತು. ರಾತ್ರಿ ಟಾರ್ಚ್ ಹಿಡಿದು ಆರಿಸಿ ತೆಗೆದೆ.

ಬಣ್ಣಗಳನ್ನು ಒಂದು ಬಿಳಿ, ಒಂದು ಹಳದಿ ಅಂತ ಮಾಲೆ ಪೋಣಿಸಿದ ಹಾಗೆ ಹಾಕಬೇಡಿ. ದೂರದಿಂದ ಚುಕ್ಕಿ ಚುಕ್ಕಿಯಾಗಿ ಕಾಣುತ್ತದೆ. ಒಂದೇ ಬಣ್ಣದ ಐದಾರು ಗಿಡ ಗುಂಪಾಗಿರಲಿ. ನಾನು ಬಿಳಿ ಗುಂಪಿಗೂ ಹಳದಿ ಗುಂಪಿಗೂ ನಡುವೆ ತಿಳಿಹಸಿರು ಇಟ್ಟೆ. ಆ ಹೂ ಒಂದೇ ನೋಡಿದರೆ ಏನೂ ಅನಿಸುವುದಿಲ್ಲ. ಎರಡರ ಮಧ್ಯೆ ನಿಂತಾಗ ಅದರ ಬೆಲೆ ಗೊತ್ತಾಗುತ್ತದೆ. ದಸರಾ ದಿನಗಳಲ್ಲಿ ಸಂಜೆ ಏಳಕ್ಕೂ ನಮ್ಮ ಪಾತಿ ಕಾಣುತ್ತಿತ್ತು. ಪಕ್ಕದ ಮನೆಯವರು ಗೇಟಿನಲ್ಲಿ ನಿಂತು, "ಲೈಟ್ ಹಾಕಿಸಿದ್ದೀರಾ?" ಅಂತ ಕೇಳಿದರು. ಆ ಒಂದು ಮಾತಿಗೆ 360 ರೂಪಾಯಿ ಖರ್ಚು ಮಾಡಿದ್ದು ಸಾರ್ಥಕ ಅನಿಸಿತು.

ಇದರಲ್ಲೂ ಕೆಲಸ ಇದೆ. ಬಿಳಿ ಹೂ ಮಳೆಗೆ ಸಿಕ್ಕರೆ ದಳದ ಅಂಚು ಕಂದಾಗುತ್ತದೆ, ನೆಂದ ಕಾಗದದ ಹಾಗೆ. ಕೇಸರಿಯಲ್ಲಿ ಇದು ಅಷ್ಟು ಕಾಣಿಸದು, ಬಿಳಿಯಲ್ಲಿ ಎದ್ದು ಕಾಣುತ್ತದೆ. ಎರಡು ದಿನಕ್ಕೊಮ್ಮೆ ಕತ್ತರಿ ಹಿಡಿಯಲೇಬೇಕು. ಅಕ್ಟೋಬರ್‌ನಲ್ಲಿ ಸಂಜೆ ಮಳೆ ಹೊಡೆದರೆ ಎತ್ತರದ ಗಿಡ ದಾರಿಗೆ ಬಾಗುತ್ತದೆ. ಬಿದಿರು ಕಡ್ಡಿ ನೆಟ್ಟು, ಅಮ್ಮನ ಹಳೇ ಕಾಟನ್ ಸೀರೆ ಹರಿದ ಪಟ್ಟಿಯಿಂದ ಸಡಿಲವಾಗಿ ಕಟ್ಟಿದೆ. ಪ್ಲಾಸ್ಟಿಕ್ ದಾರ ಕಟ್ಟಬೇಡಿ, ಕಾಂಡ ಕುಯ್ದುಬಿಡುತ್ತದೆ.

ಮುಂದಿನ ಸಾಲಿಗೆ ಕುಳ್ಳ ತಳಿ ಪ್ರೊಫ್ಯೂಷನ್ ಹಾಕಿದೆ, ಕೇಸರಿ ಬಣ್ಣದ್ದು. 15 ಬೀಜಕ್ಕೆ 150 ರೂಪಾಯಿ. ಬೀಜ ಎಣಿಸಿ ಕೊಡುವ ಹೈಬ್ರಿಡ್ ಇದು. ಅಮೆರಿಕದಲ್ಲಿ ಹೊಸ ತಳಿಗಳನ್ನು ಬೆಳೆಸಿ ನೋಡಿ ಪ್ರಶಸ್ತಿ ಕೊಡುವ ಆಲ್-ಅಮೆರಿಕ ಸೆಲೆಕ್ಷನ್ಸ್ ಸಂಸ್ಥೆಯ ಚಿನ್ನದ ಪದಕವನ್ನು 1999ರಲ್ಲಿ ಪಡೆದ ತಳಿ. ಒಂದೂಕಾಲು ಅಡಿಗಿಂತ ಮೇಲೆ ಹೋಗುವುದಿಲ್ಲ. ಒಂದೇ ಸುತ್ತಿನ ಚಿಕ್ಕ ಹೂ. ಒಣಗಿದ ಹೂವನ್ನು ಹೊಸ ಚಿಗುರೇ ಮುಚ್ಚಿಕೊಳ್ಳುತ್ತದೆ, ಕತ್ತರಿ ಬೇಡ. ಮಳೆ ನಿಂತು ಹಗಲು ಬಿಸಿಲು, ರಾತ್ರಿ ಇಬ್ಬನಿ ಶುರುವಾದಾಗ ನನ್ನ ಎತ್ತರದ ಗಿಡಗಳ ಕೆಳಗಿನ ಎಲೆಗೆ ಬೂದಿ ರೋಗ ಬಂತು, ಹಿಟ್ಟು ಉದುರಿಸಿದ ಹಾಗೆ. ಪಕ್ಕದಲ್ಲೇ ಇದ್ದ ಇದರ ಎಲೆ ಹಸಿರಾಗೇ ಇತ್ತು. ತೋಟಕ್ಕೆ ಟೈಮ್ ಕೊಡಲಾಗದವರು ಇದೊಂದನ್ನೇ ಹಾಕಿಕೊಂಡರೂ ಮೋಸ ಇಲ್ಲ. ನನಗೆ ಮಾತ್ರ ಹೂದಾನಿಗೆ ಉದ್ದ ತೊಟ್ಟು ಬೇಕು, ಹಾಗಾಗಿ ಎತ್ತರದ್ದನ್ನು ಬಿಡಲಾರೆ.

ಮನೆಯಲ್ಲೇ ತೆಗೆದಿಟ್ಟ ಬೀಜವನ್ನೂ ಹಾಕಿದೆ. ಮಿಕ್ಸ್ ಪಾತಿಯಲ್ಲಿ ಚೆಂದದ ದಟ್ಟ ಕೇಸರಿ ಗಿಡ ಒಂದಿತ್ತು. ಅದರ ಹೂ ಗಿಡದಲ್ಲೇ ಕಂದಾಗಿ ಒಣಗುವವರೆಗೆ ಬಿಟ್ಟೆ. ಒಣ ದಳ ಹಿಡಿದು ಎಳೆದರೆ ಬುಡದಲ್ಲಿ ಬಾಣದ ಮೊನೆಯಂಥ ಬೀಜ ಅಂಟಿಕೊಂಡು ಬರುತ್ತದೆ. ಕಾಗದದ ಪೊಟ್ಟಣದಲ್ಲಿ ಕಟ್ಟಿಟ್ಟು ಹಿತ್ತಲಲ್ಲಿ ಹಾಕಿದೆ. 11 ಗಿಡ ಬಂದವು. ತಾಯಿಯ ಬಣ್ಣ ಬಂದದ್ದು ಮೂರಕ್ಕೆ. ಉಳಿದವು ರಾಣಿ, ಇಲ್ಲ ಮಾಸಿದ ಗುಲಾಬಿ, ಅದರಲ್ಲೂ ಹೆಚ್ಚಿನವು ಒಂದೇ ಸುತ್ತಿನ ಹೂ. ಜೇನೂ ಚಿಟ್ಟೆಯೂ ಅಕ್ಕಪಕ್ಕದ ಗಿಡದ ಪರಾಗ ತಂದಿರುತ್ತವೆ, ಹೀಗಾಗುವುದು ಸಹಜ. ಹಿತ್ತಲಿಗೆ, ಚಿಟ್ಟೆ ಬರಲಿ ಅಂತ ಹಾಕುವವರಿಗೆ ಇದೇ ಸಾಕು, ಖರ್ಚೇ ಇಲ್ಲ. ಬಣ್ಣ ಲೆಕ್ಕ ಹಾಕಿ ಮಾಡುವ ಪಾತಿಗೆ ಆಗದು. ಹೈಬ್ರಿಡ್ ಗಿಡದ ಬೀಜವಂತೂ ತಾಯಿಯ ಹಾಗೇ ಬರುತ್ತದೆ ಅಂತ ನಂಬಬೇಡಿ.

ನರ್ಸರಿಯಲ್ಲಿ ಹೂ ಬಿಟ್ಟ ಸಸಿಯೇ ಸಿಗುತ್ತದೆ, ಬಣ್ಣ ನೋಡಿ ಆರಿಸಬಹುದು. ನಾನು ತಂದ ನಾಲ್ಕರ ಬೇರು ಕಪ್ಪು ಕವರಿನೊಳಗೆ ಸುರುಳಿ ಸುತ್ತಿತ್ತು. ನೆಟ್ಟ ಮೇಲೆ ಬೆಳೆಯಲೇ ಇಲ್ಲ.

ನೀಲಿ ಜಿನಿಯಾ ಬೀಜ ಅಂತ ಯಾರಾದರೂ ಫೋಟೋ ಹಾಕಿ ಮಾರುತ್ತಿದ್ದರೆ ಕೊಳ್ಳಬೇಡಿ. ಜಿನಿಯಾದಲ್ಲಿ ನೀಲಿ ಇಲ್ಲವೇ ಇಲ್ಲ.

ನನ್ನ ಒಟ್ಟು ಖರ್ಚು 510 ರೂಪಾಯಿ ಆಯಿತು, ಮಿಕ್ಸ್‌ಗೆ ಆದದ್ದು 40. ಅಷ್ಟೊಂದು ಕೈಬಿಡುವುದಿಲ್ಲ ಅನ್ನುವವರು ಬಿಳಿ ಒಂದೇ ಪ್ಯಾಕೆಟ್ ತಂದು ಹಿಂದಿನ ಸಾಲು ತುಂಬಿಸಿ. ಮುಂದೆ ನಮ್ಮೂರ ಕುಳ್ಳ ಚೆಂಡುಹೂವೇ ಇರಲಿ. ಹಗಲಿಡೀ ಮನೆಯಲ್ಲಿರುವವರು, ಗೋಡೆ ಸುಣ್ಣದ ಬಿಳಿ ಇರುವವರು ಧಾರಾಳವಾಗಿ ಕೆಂಪು, ರಾಣಿ ಹಾಕಬಹುದು. ಬಿಸಿಲಿನಲ್ಲಿ ಬಿಳಿ ಗೋಡೆಯ ಮುಂದೆ ಆ ಬಣ್ಣಗಳಿಗೆ ಬೇರೆಯೇ ಕಳೆ. ನನ್ನ ಪಾತಿಗೆ ಮುಂದಿನ ಸಲ ಚಿನ್ನದ ಹಳದಿ ಆರು ಗಿಡ ಕಡಿಮೆ, ಆ ಜಾಗಕ್ಕೆ ಬಿಳಿ. ಬಾಗಿಲ ಹತ್ತಿರದ ತುದಿ ಸಂಜೆ ಬೇಗ ಕತ್ತಲಾಗುತ್ತದೆ, ಬಿಳಿ ಪೂರ್ತಿ ಅಲ್ಲಿಗೇ.