ಶಸ್ತ್ರಚಿಕಿತ್ಸೆಯ ನಂತರದ ಕರುಳಿನ ಆರೈಕೆ: ಒಂದು ವಾರ್ಡಿನ ವಿಮರ್ಶೆ

ಅಮ್ಮನಿಗೆ ಅಂಡಾಶಯದ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಾದ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ನಾನು ಆರು ದಿನ ಜೊತೆಗಿದ್ದೆ; ಈ ವಿಮರ್ಶೆ ಶಸ್ತ್ರಚಿಕಿತ್ಸೆಯ ಕುರಿತದ್ದಲ್ಲ, ಆನಂತರ ಕರುಳು ಮತ್ತೆ ಚಲಿಸುವಂತೆ ಮಾಡಲು ವಾರ್ಡಿನವರು ವಹಿಸಿದ ಕಾಳಜಿಯ ಕುರಿತದ್ದು.

ಹೊಟ್ಟೆಯನ್ನು ತೆರೆದು ಕರುಳನ್ನು ಮುಟ್ಟಿದಾಗ ಅದರ ಚಲನೆ ಕೆಲಕಾಲ ಸ್ತಬ್ಧವಾಗುತ್ತದೆ, ನೋವಿಗೆ ಕೊಡುವ ಮಾರ್ಫಿನ್‌ನಂತಹ ಔಷಧಗಳು ಅದನ್ನು ಇನ್ನಷ್ಟು ನಿಧಾನಗೊಳಿಸುತ್ತವೆ. ಆದ್ದರಿಂದಲೇ ಇಲ್ಲಿ ಅಂತಹ ಔಷಧಗಳನ್ನು ಮಿತವಾಗಿ ಬಳಸಿದರು, ಮರುದಿನ ಬೆಳಿಗ್ಗೆಯೇ ಅಮ್ಮನನ್ನು ಕೈಹಿಡಿದು ನಡೆಸಿದರು, ಮತ್ತು ಗಾಳಿ ಹೋಗುವವರೆಗೆ ಬಾಯಿಗೆ ಏನೂ ಕೊಡಬಾರದೆಂಬ ಹಳೆಯ ಕಟ್ಟುಪಾಡನ್ನು ಬಿಟ್ಟು ಗಂಜಿ, ಮೆತ್ತಗಿನ ಇಡ್ಲಿ ಕೊಟ್ಟರು. ಅಗಿಯುವ ಕ್ರಿಯೆಯೇ ಕರುಳನ್ನು ಎಚ್ಚರಿಸುತ್ತದೆಂದು ಚೂಯಿಂಗ್ ಗಮ್ ಕೊಟ್ಟಾಗ ಅಮ್ಮ ನಾಚಿಕೊಂಡೇ ಅಗಿದರು.

ಅವರಿಗೆ ಹಿಡಿಸಿದ್ದು ಕಾಫಿ. ಟರ್ಕಿಯಲ್ಲಿ 114 ಸ್ತ್ರೀರೋಗ ಕ್ಯಾನ್ಸರ್ ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ದಿನಕ್ಕೆ ಮೂರು ಬಾರಿ ಕಾಫಿ ಕುಡಿದವರ ಕರುಳು ಬೇಗ ಚೇತರಿಸಿಕೊಂಡಿತ್ತು. ಕರುಳನ್ನು ಕತ್ತರಿಸಿ ಜೋಡಿಸಿದ್ದರೆ ಕ್ರಮ ಬೇರೆಯಾಗಬಹುದಾದ್ದರಿಂದ ವೈದ್ಯರನ್ನು ಕೇಳದೆ ಯಾವುದನ್ನೂ ಅನುಸರಿಸಬಾರದು. ಕ್ಯಾಂಟೀನಿನ ಕಾಫಿ ಮಾತ್ರ ಕಾಫಿ ಎನಿಸಿಕೊಳ್ಳಲು ಯೋಗ್ಯವಾಗಿರಲಿಲ್ಲ.

ಮೂರನೆಯ ದಿನ ಮಲವಿಸರ್ಜನೆಯಾದಾಗ ದಾದಿಯರು ನಮ್ಮಷ್ಟೇ ಸಂತೋಷಪಟ್ಟರು. ದೊಡ್ಡ ಕೊರತೆ ಕಂಡದ್ದು ಬಿಡುಗಡೆಯ ದಿನ: ಹೊಟ್ಟೆ ಉಬ್ಬಿ ವಾಂತಿಯಾದರೆ, ಗಾಳಿಯೂ ಹೋಗದಿದ್ದರೆ ತಡಮಾಡದೆ ಬರಬೇಕೆಂಬ ಅತಿ ಮುಖ್ಯ ಸೂಚನೆ ಇಂಗ್ಲಿಷಿನಲ್ಲಿ ಮಾತ್ರ ಇತ್ತು, ಅದನ್ನು ನಾನೇ ಕನ್ನಡದಲ್ಲಿ ಬರೆದು ಅಮ್ಮನ ಮಾತ್ರೆಗಳ ಡಬ್ಬಿಗೆ ಅಂಟಿಸಿದೆ.