ಉಡುಪಿ ಪೇಟೆಯ ಚಹಾಪುಡಿ ಅಂಗಡಿ: ಎಲೆ ಒಳ್ಳೆಯದು, ಮಾಹಿತಿ ಸಾಲದು

ಉಡುಪಿ ಪೇಟೆಯ ಈ ಅಂಗಡಿಯಲ್ಲಿ ಅಸ್ಸಾಂ, ಡಾರ್ಜಿಲಿಂಗ್, ನೀಲಗಿರಿಯ ಚಹಾ ಎಲೆಗಳನ್ನು ಗಾಜಿನ ಭರಣಿಗಳಲ್ಲಿಟ್ಟು, ಕೇಳಿದವರಿಗೆ ಮುಚ್ಚಳ ತೆರೆದು ಪರಿಮಳ ನೋಡಲು ಕೊಡುತ್ತಾರೆ. ಎಲೆಯ ತಾಜಾತನದ ಬಗ್ಗೆ ನನಗೆ ತಕರಾರಿಲ್ಲ. ಆದರೆ ರಾತ್ರಿ ಊಟದ ನಂತರ ಕುಡಿಯಲು ಕೆಫೀನ್ ಇಲ್ಲದ್ದು ಬೇಕೆಂದಾಗ, ಗಲ್ಲೆಯಲ್ಲಿದ್ದವರು "ಗ್ರೀನ್ ಟೀ ಕೊಂಡುಹೋಗಿ, ಅದರಲ್ಲಿ ಕೆಫೀನ್ ಇರುವುದಿಲ್ಲ" ಎಂದು 100 ಗ್ರಾಂ ಕಟ್ಟಿಕೊಟ್ಟರು. ಆ ರಾತ್ರಿ ಎರಡು ಗಂಟೆಯವರೆಗೆ ಫ್ಯಾನಿನ ಸದ್ದು ಕೇಳುತ್ತಾ ಮಲಗಿದ್ದೆ.

ಕಪ್ಪು, ಹಸಿರು, ಬಿಳಿ, ಊಲಾಂಗ್ ಎಲ್ಲವೂ ಕಮೆಲಿಯಾ ಸೈನೆನ್ಸಿಸ್ ಎಂಬ ಒಂದೇ ಜಾತಿಯ ಗಿಡದ ಎಲೆಗಳಾದ್ದರಿಂದ ಎಲ್ಲದರಲ್ಲೂ ಕೆಫೀನ್ ಇದ್ದೇ ಇರುತ್ತದೆ. 240 ಮಿ.ಲೀ. ಕಪ್ಪು ಚಹಾದಲ್ಲಿ ಸುಮಾರು 40ರಿಂದ 50 ಮಿ.ಗ್ರಾಂ, ಹಸಿರಿನಲ್ಲಿ ಸುಮಾರು 30 ಮಿ.ಗ್ರಾಂ ಎಂಬುದು ಸಾಮಾನ್ಯ ಲೆಕ್ಕ. ಅದೂ ಎಲೆಯ ಪ್ರಮಾಣ, ನೀರಿನ ಬಿಸಿ ಮತ್ತು ನೆನೆಸುವ ಹೊತ್ತಿನ ಮೇಲೆ ಏರಿಳಿಯುತ್ತದೆ. ಬಿಳಿ ಚಹಾ ಮಾಡುವುದು ಎಳೆ ಕುಡಿಗಳಿಂದ; ಅವುಗಳಲ್ಲಿ ಕೆಫೀನ್ ಹೆಚ್ಚಿರುವುದರಿಂದ ಅದರ ತಿಳಿಬಣ್ಣವನ್ನು ನಂಬುವಂತಿಲ್ಲ. ಎಲೆಯನ್ನೇ ಪುಡಿಮಾಡಿ ಕುಡಿಯುವ ಮಾಚಾದಲ್ಲಂತೂ ಎಲೆಯೊಳಗಿನದ್ದೆಲ್ಲ ಹೊಟ್ಟೆಗೇ ಹೋಗುತ್ತದೆ. ಡಿಕೆಫ್, ಅಂದರೆ ಕೆಫೀನ್ ತೆಗೆದದ್ದು, ಎಂದು ಬರೆದ ಪೊಟ್ಟಣದಲ್ಲೂ ಅಲ್ಪಸ್ವಲ್ಪ ಉಳಿದಿರುತ್ತದೆ.

ಮರುವಾರ ಹೋಗಿ ವಿಷಯ ತಿಳಿಸಿದಾಗ ಅವರು ಬೇಸರಿಸದೆ ಕೇಳಿಸಿಕೊಂಡು, ಕ್ಯಾಮೊಮೈಲ್ ಹೂ ಮತ್ತು ಒಣ ದಾಸವಾಳದ ಭರಣಿಗಳನ್ನು ತೋರಿಸಿದರು. ಕೆಫೀನ್ ಇಲ್ಲದವು ಇವೇ. ಭರಣಿಗಳ ಮೇಲೆ ಬೆಲೆಯ ಜೊತೆ ಅಷ್ಟನ್ನಾದರೂ ಬರೆದಿದ್ದರೆ ಚೆನ್ನಾಗಿತ್ತು. ನಾನು ಬೆಳಗಿಗೆಂದು ನೀಲಗಿರಿ ಎಲೆಯನ್ನಷ್ಟೇ ಕೊಂಡೆ. ರಾತ್ರಿಗೆ ಮನೆಯ ಕೊತ್ತಂಬರಿ-ಜೀರಿಗೆ ಕಷಾಯವಿದೆ.