ಪ್ಯಾಟರ್ಸನ್ ಟ್ಯಾಂಕ್ ಜೊತೆ ನಾಲ್ಕು ವರ್ಷ: ನೆಗೆಟಿವ್ ಮೇಲಿನ ಕಲೆಗೆಲ್ಲ ಇದನ್ನೇ ಬೈದಿದ್ದೆ

ಪ್ಯಾಟರ್ಸನ್ ಟ್ಯಾಂಕ್ ಅಂದರೆ ಕ್ಯಾಮೆರಾ ಫಿಲ್ಮನ್ನು ಮನೆಯಲ್ಲೇ ಡೆವಲಪ್ ಮಾಡೋಕೆ ಇರುವ, ಬೆಳಕು ಒಳಗೆ ಬಿಡದ ಪ್ಲಾಸ್ಟಿಕ್ ಡಬ್ಬಿ. ಮೊದಲೇ ಹೇಳಿಬಿಡುತ್ತೇನೆ, ಟ್ಯಾಂಕ್ ಚೆನ್ನಾಗಿದೆ, ಧೈರ್ಯವಾಗಿ ತೊಗೊಳ್ಳಿ. ಆದರೆ ಮೊದಲ ವರ್ಷ ನಾನು ಇದನ್ನು ಬೈದಷ್ಟು ಮನೆಯಲ್ಲಿ ಇನ್ಯಾವ ಸಾಮಾನನ್ನೂ ಬೈದಿಲ್ಲ. ನೆಗೆಟಿವ್ ಮೇಲೆ ಏನೇ ಕಲೆ ಬಂದರೂ ಟ್ಯಾಂಕಿನದೇ ತಪ್ಪು ಅಂತ ತೀರ್ಮಾನ ಮಾಡಿಬಿಟ್ಟಿದ್ದೆ. ಅದರ ತಪ್ಪು ಒಂದೂ ಇರಲಿಲ್ಲ.

ನನ್ನ ಹತ್ತಿರ ಇರೋದು ಸೂಪರ್ ಸಿಸ್ಟಮ್ 4, ಎರಡು ರೀಲ್ (ಫಿಲ್ಮ್ ಸುತ್ತಿ ಕೂರಿಸುವ ಸುರುಳಿ) ಹಿಡಿಸುವ ಸೈಜು. ಮನೆ ಬೆಂಗಳೂರಲ್ಲಿ, ಬೋರ್‌ವೆಲ್ ನೀರು. ಡಾರ್ಕ್‌ರೂಮ್ ಗೀರ್ಕ್‌ರೂಮ್ ಏನಿಲ್ಲ. ಚೇಂಜಿಂಗ್ ಬ್ಯಾಗಿಗೆ (ಬೆಳಕು ನುಗ್ಗದ ಕಪ್ಪು ಚೀಲ) ಕೈ ತೂರಿಸಿ ಫಿಲ್ಮನ್ನು ರೀಲಿಗೆ ಹತ್ತಿಸೋದು, ಉಳಿದ ಕೆಲಸ ಬಚ್ಚಲುಮನೆಯಲ್ಲಿ. ಇದುವರೆಗೆ 70 ರೋಲ್ ದಾಟಿದೆ. ಹೆಚ್ಚಿನವು ಇಲ್‌ಫರ್ಡ್ ಎಚ್‌ಪಿ5 ಪ್ಲಸ್ ಅನ್ನೋ ಕಪ್ಪುಬಿಳುಪು ಫಿಲ್ಮು, ಚಿತ್ರ ಮೂಡಿಸುವ ಡೆವಲಪರ್ ದ್ರಾವಣ ಡಿ-76. ಇದಕ್ಕೆ ಮುಂಚೆ ಒಂದು ಲ್ಯಾಬಿಗೆ ಕೊಡುತ್ತಿದ್ದೆ, ರೋಲಿನ ಉದ್ದಕ್ಕೂ ರೈಲು ಹಳಿ ಎಳೆದ ಹಾಗೆ ಗೀರು ಬಿದ್ದು ವಾಪಸ್ ಬರುತ್ತಿತ್ತು. ಅದು ಬೇಡ ಅಂತಲೇ ಇದನ್ನು ಕೊಂಡಿದ್ದು.

ಶುರುವಾಗಿದ್ದು ತಂಗಿ ಮಗಳ ನಾಮಕರಣದ ರೋಲಿನಿಂದ. ಇದ್ದದ್ದು ಒಂದೇ ರೋಲು. ಒಂದು ರೀಲ್ ಹಾಕಿದೆ, ಟ್ಯಾಂಕಿನ ತಳದಲ್ಲೇ 35 ಎಂಎಂಗೆ 290 ಎಂಎಲ್ ಅಂತ ಇದೆಯಲ್ಲ, ಡೆವಲಪರ್ ಅಳೆದು ಅಷ್ಟೇ ಸುರಿದೆ. ಸ್ಕ್ಯಾನ್ ನೋಡಿದರೆ ಅಡ್ಡ ಹಿಡಿದು ತೆಗೆದ ಅಷ್ಟೂ ಫೋಟೋದ ಮೇಲಂಚಿನಲ್ಲಿ ಕಪ್ಪು ಪಟ್ಟಿ. ಮಗು ಕಾಣುತ್ತದೆ, ಮಗುವನ್ನು ಎತ್ತಿಕೊಂಡವರ ಮುಖ ಅರ್ಧ ಕತ್ತಲಲ್ಲಿ. ಕ್ಯಾಮೆರಾದ ಶಟರ್ ಕೆಟ್ಟಿದೆ ಅಂದುಕೊಂಡು ರಿಪೇರಿಗೂ ಕೊಟ್ಟೆ. ಶಟರ್ ಸರಿಯಾಗೇ ಇದೆ ಅಂತ ಹಾಗೇ ವಾಪಸ್ ಬಂತು. ಸರಿ, ಹಾಗಾದರೆ ಟ್ಯಾಂಕೇ ದಂಡ ಅಂದುಕೊಂಡೆ.

ನಮ್ಮ ದೊಡ್ಡಪ್ಪ ತಿಪಟೂರಲ್ಲಿ ತುಂಬಾ ವರ್ಷ ಸ್ಟುಡಿಯೋ ನಡೆಸಿದವರು. ಊರಿಗೆ ಹೋದಾಗ ಮೊಬೈಲಲ್ಲಿ ಸ್ಕ್ಯಾನ್ ತೋರಿಸಲು ಹೋದೆ, ಅವರು ನೋಡಲೇ ಇಲ್ಲ.

"ಅದನ್ನ ಆ ಕಡೆ ಇಡೋ. ನೆಗೆಟಿವ್ ತಂದಿದ್ದೀಯಾ?"

ತಂದಿದ್ದೆ. ಕಿಟಕಿ ಬೆಳಕಿಗೆ ಹಿಡಿದರು. ಫೋಟೋ ಕಡೆ ಕಣ್ಣೇ ಹಾಯಿಸಲಿಲ್ಲ, ಫಿಲ್ಮಿನ ಉದ್ದಕ್ಕೂ ಸಾಲಾಗಿರೋ ತೂತುಗಳ ಪಕ್ಕದ ಅಂಚನ್ನೇ ನೋಡಿದರು.

"ಈ ಅಕ್ಷರ ಓದು."

ಒಂದು ಅಂಚಿನ ಅಕ್ಷರ ಕಡು ಕಪ್ಪು. ಇನ್ನೊಂದು ಅಂಚಿನಲ್ಲಿ ಫ್ರೇಮ್ ನಂಬರು ಇದ್ದೂ ಇಲ್ಲದ ಹಾಗೆ, ಮಂಕು.

"ಇದನ್ನ ನಿನ್ನ ಕ್ಯಾಮೆರಾ ಬರೆದಿದ್ದಲ್ಲ ಕಣೋ. ಫ್ಯಾಕ್ಟ್ರಿಯಲ್ಲೇ ಲೈಟ್ ಕೊಟ್ಟು ಕಳಿಸಿರ್ತಾರೆ. ಅದೇ ಎದ್ದಿಲ್ಲ ಅಂದ್ರೆ ಅಲ್ಲಿಗೆ ಡೆವಲಪರ್ ತಲುಪಿಲ್ಲ. ಶಟರ್ ರಿಪೇರಿಗೆ ಎಷ್ಟು ಕೊಟ್ಟೆ?"

ಎಷ್ಟು ಅಂತ ಹೇಳಲಿಲ್ಲ ನಾನು.

ಆಗಿದ್ದು ಇಷ್ಟೇ. ಎರಡು ರೀಲಿನ ಟ್ಯಾಂಕಲ್ಲಿ ಒಂದೇ ರೀಲ್ ಹಾಕಿದರೆ ಮೇಲೆ ಜಾಗ ಉಳಿಯುತ್ತದೆ. ಡೆವಲಪರ್ ಕಲಕಲಿ ಅಂತ ಟ್ಯಾಂಕ್ ತಲೆಕೆಳಗೆ ಮಾಡಿದಾಗ ರೀಲ್ ನಡುವಿನ ಕಂಬದ ಮೇಲೆ ಜಾರಿ ಮೇಲಕ್ಕೆ ಹೋಗಿ, ಅಲ್ಲೇ ಕೂತುಬಿಡುತ್ತದೆ. ಫಿಲ್ಮಿನ ಒಂದು ಅಂಚು ಡೆವಲಪರ್‌ನಿಂದ ಹೊರಗೆ. ಹೀಗಾಗದಿರಲಿ ಅಂತ ಕಂಬಕ್ಕೆ ಸಿಕ್ಕಿಸುವ ಒಂದು ಪುಟ್ಟ ಪ್ಲಾಸ್ಟಿಕ್ ಕ್ಲಿಪ್ ಕೊಟ್ಟಿರುತ್ತಾರೆ. ನಾನು ಅದನ್ನು ಪ್ಯಾಕಿಂಗ್ ತುಂಡು ಅಂದುಕೊಂಡು ಕಸದ ಬುಟ್ಟಿಗೆ ಹಾಕಿದ್ದೆ! ಈಗ ಮೇಲೆ ಖಾಲಿ ರೀಲ್ ಒಂದನ್ನು ಕೂರಿಸುತ್ತೇನೆ, ಎಂಎಲ್ ಲೆಕ್ಕದಲ್ಲೂ ಜಿಪುಣತನ ಮಾಡೋದಿಲ್ಲ.

ಅವತ್ತಿಂದ ಕಲೆ ಕಂಡರೆ ಸ್ಕ್ಯಾನ್ ಮುಚ್ಚಿಟ್ಟು ನೆಗೆಟಿವ್ ಎತ್ತಿಕೊಳ್ಳುತ್ತೇನೆ. ಅದರಲ್ಲಿ ಕಪ್ಪು ಬಿಳುಪು ಉಲ್ಟಾ ಅನ್ನೋದು ನೆನಪಿರಲಿ. ಕಲೆ ನೆಗೆಟಿವ್‌ನಲ್ಲಿ ಕಪ್ಪಗಿದೆಯಾ? ಹಾಗಾದರೆ ಅಲ್ಲಿಗೆ ಬೆಳಕೋ ಡೆವಲಪರೋ ಜಾಸ್ತಿ ಆಗಿದೆ. ತೆಳ್ಳಗೆ, ಪಾರದರ್ಶಕವಾಗಿದೆಯಾ? ಎರಡರಲ್ಲಿ ಒಂದು ಕಡಿಮೆ ಬಿದ್ದಿದೆ. ಇನ್ನು ಕಲೆ ಫ್ರೇಮಿನ ಗೆರೆಯೊಳಗೇ ನಿಂತಿದ್ದರೆ ಮೊದಲು ಲೆನ್ಸು ಶಟರು ನೋಡಬೇಕು. ಗೆರೆ ದಾಟಿ ತೂತುಗಳ ತನಕ ಹೋಗಿದ್ದರೆ ಅವೆರಡನ್ನೂ ಸುಮ್ನೆ ಬೈಯಬೇಡಿ, ಬೆಳಕು ಸೋರಿರಬೇಕು ಇಲ್ಲವೇ ಡೆವಲಪ್ ಮಾಡುವಾಗ ಏನೋ ಆಗಿರಬೇಕು.

ಎರಡನೇ ಜಗಳ ಲೈಟ್ ಲೀಕಿನದು. ಮೊದಲು ಟ್ಯಾಂಕ್ ಒಳಗೆ ಬೆಳಕು ಹೋಗ್ತಿದೆ ಅಂತಲೇ ಅಂದುಕೊಂಡೆ, ಇನ್ನೇನು. ಟ್ಯಾಂಕ್ ಸೋರಿದ್ದರೆ ಅದು ಫ್ರೇಮಿನ ಲೆಕ್ಕ ನೋಡಿಕೊಂಡು ಬೀಳುತ್ತಾ? ನನ್ನ ಕಪ್ಪು ಮಚ್ಚೆ ಸರಿಯಾಗಿ ಎಂಟೆಂಟು ತೂತಿಗೊಮ್ಮೆ ಬಂದಿತ್ತು. 35 ಎಂಎಂ ಫಿಲ್ಮಲ್ಲಿ ಎಂಟು ತೂತು ಅಂದರೆ ಒಂದು ಫ್ರೇಮ್, ಹೆಚ್ಚುಕಡಿಮೆ 38 ಎಂಎಂ. ಅಂದರೆ ಪ್ರತಿ ಫ್ರೇಮೂ ಕ್ಯಾಮೆರಾದಲ್ಲಿ ಒಂದೇ ಜಾಗಕ್ಕೆ ಬಂದು ನಿಂತಾಗ ಬಿದ್ದ ಕಲೆ. ಬಿಸಿಲಲ್ಲಿ ಕ್ಯಾಮೆರಾ ಕುತ್ತಿಗೆಗೆ ನೇತುಹಾಕಿಕೊಂಡು ತುಂಬಾ ಹೊತ್ತು ಓಡಾಡಿದ ಕಡೆ ಮಚ್ಚೆ ಇನ್ನೂ ದಪ್ಪ. ಹಿಂಬಾಗಿಲು ತೆಗೆದು ಕೀಲಿನ ಹತ್ತಿರ ಹಲ್ಲುಕಡ್ಡಿ ಆಡಿಸಿದರೆ ಬೆಳಕು ತಡೆಯೋಕೆ ಅಂಟಿಸಿದ್ದ ಹಳೇ ಫೋಮ್ ಡಾಂಬರಿನ ಹಾಗೆ ಅಂಟಿಕೊಂಡು ಬಂತು. ದೊಡ್ಡಪ್ಪನೇ ಕೊಟ್ಟ ಹಳೇ ಕ್ಯಾಮೆರಾ ಅದು, ಫೋಮಿಗೂ ವಯಸ್ಸಾಗುತ್ತದೆ ಅಲ್ವಾ. ಕೆರೆದು, ಸ್ಪಿರಿಟ್ ಹಚ್ಚಿ ಒರೆಸಿ, ಬಾಗಿಲಿನ ಕಾಲುವೆಗೆ ಕಪ್ಪು ಉಣ್ಣೆ ದಾರ ಕೂರಿಸಿದೆ. ಮತ್ತೆ ಸೋರಿಲ್ಲ.

ಮೂರನೆಯದು ನಮ್ಮ ನೀರು. ಒಣಗಿದ ಫಿಲ್ಮಿನ ಹೊಳೆಯುವ ಬದಿಯನ್ನು ಟ್ಯೂಬ್‌ಲೈಟ್ ಕೆಳಗೆ ಓರೆ ಹಿಡಿದರೆ ಬಿಳೀ ಉಂಗುರಗಳು, ಸ್ಟೀಲ್ ಲೋಟದ ಮೇಲೆ ಬೋರ್‌ವೆಲ್ ನೀರು ಒಣಗಿದಾಗ ಉಳಿಯುತ್ತದಲ್ಲ, ಥೇಟ್ ಹಾಗೇ. ಇದು ಪುಣ್ಯಕ್ಕೆ ವಾಸಿಯಾಗುವ ರೋಗ, ಮತ್ತೆ ನೆನೆಸಿ ತೊಳೆದರೆ ಬಹಳಷ್ಟು ಹೋಗುತ್ತದೆ. ಈಗ ಕೊನೆಯ ತೊಳೆತಕ್ಕೆ ಡಿಸ್ಟಿಲ್ಡ್ ವಾಟರ್. ಇನ್ವರ್ಟರ್ ಬ್ಯಾಟರಿಗೆ ಅಂತ ತಂದ ಕ್ಯಾನಿನಿಂದಲೇ ಕದಿಯುತ್ತೇನೆ, ಮನೆಯಲ್ಲಿ ಇನ್ನೂ ಗೊತ್ತಾಗಿಲ್ಲ. ಅದಕ್ಕೆ ವೆಟ್ಟಿಂಗ್ ಏಜೆಂಟ್ (ನೀರು ಹನಿಯಾಗಿ ನಿಲ್ಲದೆ ಜಾರುವಂತೆ ಮಾಡೋ ದ್ರವ) ಎರಡು ಹನಿ ಹಾಕಿ, ಫಿಲ್ಮನ್ನು ರೀಲಿನಿಂದ ಬಿಡಿಸಿ ಬೇರೆ ಡಬ್ಬಿಯಲ್ಲಿ ಅದ್ದುತ್ತೇನೆ. ರೀಲ್ ಸಮೇತ ಅದ್ದಿದರೆ ಅದರ ಜಿಡ್ಡು ರೀಲಿಗೆ ಹತ್ತಿ, ಮುಂದಿನ ಸಲ ಫಿಲ್ಮ್ ಅರ್ಧಕ್ಕೇ ಸಿಕ್ಕಿಹಾಕಿಕೊಳ್ಳುತ್ತದೆ.

ಸಣ್ಣಪುಟ್ಟವು ಇನ್ನೂ ಇವೆ. ದುಂಡಗಿನ ತೆಳು ಚುಕ್ಕೆ ಬಂದರೆ ಗಾಳಿಗುಳ್ಳೆ, ಟ್ಯಾಂಕ್ ತಿರುಗಿಸಿದ ಮೇಲೆ ನೆಲಕ್ಕೆ ಎರಡು ಸಲ ಕುಟ್ಟಿ. ಅರ್ಧಚಂದ್ರದ ಗುರುತು ಬಂದರೆ ಬ್ಯಾಗೊಳಗೆ ಬೆರಳಿನಿಂದ ಫಿಲ್ಮ್ ಮಡಿಸಿದ್ದೀರಿ ಅಂತ ಅರ್ಥ. ಏಪ್ರಿಲಲ್ಲಿ ನನಗೆ ಇದೇ ಜಾಸ್ತಿ, ಬೆವರಿಗೆ ಕೈ ಜಾರುತ್ತದೆ, ಸಿಟ್ಟು ಬರುತ್ತದೆ. ಇಡೀ ಫಿಲ್ಮ್ ಹಾಲು ಹಾಲಾಗಿ ಕಂಡರೆ ಗಾಬರಿಯಾಗಬೇಡಿ, ಚಿತ್ರವನ್ನು ಖಾಯಂ ಮಾಡುವ ಹೊಸ ಫಿಕ್ಸರ್‌ನಲ್ಲಿ ಇನ್ನೊಂದು ಸಲ ಹಾಕಿ.

ಟ್ಯಾಂಕಿನ ಬಗ್ಗೆ ಹೇಳಬೇಕಾದ್ದು ಕಡಿಮೆ. ರೀಲ್ ಪೂರ್ತಿ ಒಣಗಿರಲೇಬೇಕು, ಒಂದು ಹನಿ ತೇವ ಇದ್ದರೂ ಫಿಲ್ಮ್ ಹತ್ತೋದಿಲ್ಲ. ನಾನು ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ ಒಂದು ದಿನ ಬಿಸಿಲಲ್ಲಿ ಇಡುತ್ತೇನೆ. ಮೇಲಿನ ಮುಚ್ಚಳದ ನಡುವೆ ಒತ್ತಿ, ಗಾಳಿ ಹೊರಗೆ ಬಿಟ್ಟು ಮುಚ್ಚಬೇಕು. ನಾಲ್ಕು ವರ್ಷದಲ್ಲಿ ಒಂದು ಬಿರುಕು ಬಿಟ್ಟಿಲ್ಲ, ಎರಡು ಸಲ ಬಚ್ಚಲಿನ ಕಲ್ಲಿನ ಮೇಲೆ ಬಿದ್ದಿದೆ ಕೂಡ.

ಸೆಕೆಂಡ್ ಹ್ಯಾಂಡ್ ಸಿಕ್ಕರೂ ಪರವಾಗಿಲ್ಲ. ಆದರೆ ನಡುವಿನ ಕಪ್ಪು ಕಂಬ ಇದೆಯಾ ಅಂತ ಕೈ ಹಾಕಿ ನೋಡಿಯೇ ದುಡ್ಡು ಕೊಡಿ. ಬೆಳಕನ್ನು ತಡೆಯೋದೇ ಅದು, ಅದಿಲ್ಲದಿದ್ದರೆ ನೀವು ಕೊಳ್ಳುತ್ತಿರೋದು ಮುಚ್ಚಳ ಇರುವ ಚೊಂಬು. ಕ್ಲಿಪ್ಪನ್ನೂ ಕೇಳಿ ಇಸ್ಕೊಳ್ಳಿ.